ಹಾವಿಗೆ ಕಂಬಳಿ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ.

2021ರ ಫೆಬ್ರವರಿ 15ರ ನಸುಕಿನಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಬಹುಭಾಗಕ್ಕೆ ಕರೆಂಟು ಹೋಯಿತು. ಹಿಮಗಾಳಿ ಬೀಸಿದ ಆ ವಾರದಲ್ಲಿ 45 ಲಕ್ಷ ಮನೆ, ಅಂಗಡಿಗಳು ಕತ್ತಲಾದವು. ಮರುದಿನ ಬೆಳಿಗ್ಗೆ ಡಾಲಸ್‌ನಲ್ಲಿ ತಾಪಮಾನ ಸೊನ್ನೆಗಿಂತ 19 ಡಿಗ್ರಿ ಕೆಳಗಿತ್ತು. ಆ ಊರಿನ ಆಸುಪಾಸಿನಲ್ಲಿ ಬದುಕುವ ಕನ್ನಡಿಗರು ಆ ದಿನಗಳನ್ನು ಮರೆತಿರಲಾರರು. ನಮ್ಮ ಮನೆಯೊಳಗೆ ಮಧ್ಯಾಹ್ನದ ಹೊತ್ತಿಗೆ 12 ಡಿಗ್ರಿಯಾದಾಗ, ಕರೆಂಟು ಉಳಿದಿದ್ದ ಸ್ನೇಹಿತರ ಮನೆಗೆ ಹೊರಡಲು ನಿಶ್ಚಯಿಸಿದೆವು. ಮಗಳು ಸಾಕಿದ್ದ ಹಾವನ್ನೂ ಕರೆದೊಯ್ಯಬೇಕಿತ್ತು. ಅವಳು ತನ್ನ ರಗ್ಗನ್ನು ತಂದು ಗಾಜಿನ ಪೆಟ್ಟಿಗೆಗೆ ಹೊದಿಸಿ, "ಅಮ್ಮಾ, ಇನ್ನು ಇದಕ್ಕೆ ಚಳಿ ಆಗಲ್ಲ ಅಲ್ವಾ?" ಎಂದು ಕೇಳಿದಳು.

ಆಗುತ್ತದೆ. ನಾನು ಇಂದು ಹೇಳಬೇಕಾದದ್ದೆಲ್ಲ ಆ ಉತ್ತರದಲ್ಲೇ ಇದೆ. ಕಂಬಳಿ ನಮ್ಮನ್ನು ಬೆಚ್ಚಗಿಡುವುದು ಅದರಲ್ಲಿ ಬಿಸಿ ಇರುವುದರಿಂದಲ್ಲ. ನಮ್ಮ ಮೈ ತಾನೇ ಹುಟ್ಟಿಸುವ ಶಾಖವನ್ನು ಅದು ಹೊರಹೋಗದಂತೆ ತಡೆಯುವುದರಿಂದ. ಹಾವಿನ ಮೈ ಹೇಳಿಕೊಳ್ಳುವಷ್ಟು ಶಾಖವನ್ನು ಹುಟ್ಟಿಸುವುದಿಲ್ಲ. ಅದು ಬಿಸಿಲು ಕಾಯ್ದ ಕಲ್ಲಿನಿಂದಲೋ ಹುತ್ತದ ಒಳಗಿನ ಹದವಾದ ಬಿಸುಪಿನಿಂದಲೋ ಶಾಖವನ್ನು ಪಡೆಯುವ ಜೀವಿ. ತಣ್ಣಗಾಗಿಬಿಟ್ಟ ಹಾವಿಗೆ ಕಂಬಳಿ ಸುತ್ತಿದರೆ ಅದರ ತಣುಪನ್ನೇ ಕಾಪಾಡಿದಂತಾಗುತ್ತದೆ. ಆದ್ದರಿಂದ ಹಾವನ್ನು ಅದು ಇನ್ನೂ ಬೆಚ್ಚಗಿರುವಾಗಲೇ ಪ್ರಯಾಣದ ಪೆಟ್ಟಿಗೆಗೆ ಸೇರಿಸಬೇಕು. ಬಟ್ಟೆಬರೆ, ಕಾಗದಪತ್ರಗಳನ್ನೆಲ್ಲ ಕಟ್ಟಿ ಕೊನೆಗೆ ಅದರ ಕಡೆ ತಿರುಗುವುದಲ್ಲ.

ನಮ್ಮದು ಬಾಲ್ ಪೈಥಾನ್, ಅಂದರೆ ಆಫ್ರಿಕದ ಪಶ್ಚಿಮ ಮತ್ತು ಮಧ್ಯ ಭಾಗಗಳಿಂದ ಬಂದ, ವಿಷವಿಲ್ಲದ, ಹೆದರಿದರೆ ಚೆಂಡಿನಂತೆ ಸುತ್ತಿಕೊಳ್ಳುವ ಸಣ್ಣ ಹೆಬ್ಬಾವು. ಅದರ ಗಾಜಿನ ಪೆಟ್ಟಿಗೆಯ ಒಂದು ಬದಿ ಸುಮಾರು 32 ಡಿಗ್ರಿ, ಇನ್ನೊಂದು ಬದಿ 26 ಡಿಗ್ರಿ ಇರಬೇಕು. ಚಳಿಯಲ್ಲಿ ಅದರ ಜೀರ್ಣಶಕ್ತಿ ಕುಂದುತ್ತದೆ, ನುಂಗಿದ ಇಲಿಯನ್ನು ಕಕ್ಕಿಬಿಡಬಹುದು. ತಂಪಿನಲ್ಲೇ ದಿನಗಟ್ಟಲೆ ಉಳಿದರೆ ಶ್ವಾಸಕೋಶದ ಸೋಂಕು ತಗಲಬಹುದು. ಹಾಗಾಗಿ ಅಪಾಯದ ಮುನ್ಸೂಚನೆ ಬಂದ ದಿನದಿಂದಲೇ ಆಹಾರ ಕೊಡುವುದನ್ನು ನಿಲ್ಲಿಸಬೇಕು. ಬೆಳೆದ, ಆರೋಗ್ಯವಾಗಿರುವ ಬಾಲ್ ಪೈಥಾನ್ ಕೆಲವು ವಾರ ಉಪವಾಸ ಇರಬಲ್ಲದು. ಹಸಿವಿನ ಬಗ್ಗೆ ನಾವು ಪಡುವ ಸಂಕಟ ಅದಕ್ಕಿರುವುದಿಲ್ಲ.

ಗಾಜಿನ ತೊಟ್ಟಿಯನ್ನು ಹೊತ್ತೊಯ್ಯುವ ಯೋಚನೆ ಬೇಡ. ಅದು ಭಾರ, ಒಡೆಯುತ್ತದೆ, ಶಾಖವನ್ನೂ ಬೇಗ ಬಿಟ್ಟುಕೊಡುತ್ತದೆ. ನಾವು ಹತ್ತಿಯ ದಿಂಬಿನ ಚೀಲವೊಂದನ್ನು ತಿರುವಿ ಹಾಕಿ, ಹಾವಿನ ಹಲ್ಲಿಗೆ ನೂಲು ಸಿಕ್ಕದಂತೆ ಹೊಲಿಗೆಯ ಅಂಚುಗಳನ್ನು ಹೊರಗೆ ಮಾಡಿದೆವು. ಹಾವನ್ನು ಅದರೊಳಗೆ ಬಿಟ್ಟು, ಬಾಯಿಯನ್ನು ಹುರಿಮಾಡಿ, ತಲೆ ಗಂಟಿನ ಹತ್ತಿರವಿಲ್ಲವೆಂದು ಬೆರಳಿನಿಂದ ತಡವಿ ನೋಡಿ ಗಂಟು ಹಾಕಿದೆವು. ಆ ಚೀಲ ಥರ್ಮೋಕೋಲ್ ಪೆಟ್ಟಿಗೆಯೊಳಗೆ ಹೋಯಿತು. ಪೆಟ್ಟಿಗೆಯ ಪಕ್ಕಗಳಲ್ಲಿ ಪೆನ್ಸಿಲ್ ತೂರುವಷ್ಟು ದಪ್ಪದ ಐದಾರು ತೂತುಗಳಿದ್ದವು. ಖಾಲಿ ಜಾಗಕ್ಕೆಲ್ಲ ಮಡಚಿದ ಟವಲುಗಳು. ಈಗ ಬಟ್ಟೆ ಉಪಯೋಗಕ್ಕೆ ಬಂತು, ಏಕೆಂದರೆ ಉಳಿಸಿಕೊಳ್ಳಲು ಒಳಗೆ ಬಿಸುಪು ಇತ್ತು.

ಇನ್ನು ಶಾಖದ ಮೂಲ. ಚಳಿನಾಡಿನಲ್ಲಿ ಕೈ ಬೆಚ್ಚಗಾಗಿಸಲು ಸಿಗುವ ಪುಟ್ಟ ಪೊಟ್ಟಣಗಳಲ್ಲಿ ಕಬ್ಬಿಣದ ಪುಡಿ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕು ಹಿಡಿಯುವಾಗ ಶಾಖ ಹೊಮ್ಮುತ್ತದೆ. ಅವು ಅನುಕೂಲ, ಆದರೆ ಅಪಾಯವೂ ಹೌದು. ಅವುಗಳ ಮೈ 50 ಡಿಗ್ರಿಯನ್ನು ದಾಟುವುದುಂಟು, ಮತ್ತು ಹಾವು ತನ್ನ ಹೊಟ್ಟೆಯ ಚರ್ಮ ಸುಡುತ್ತಿದ್ದರೂ ಅಲ್ಲೇ ಮಲಗಿರುವುದುಂಟು. ಆದ್ದರಿಂದ ಪೊಟ್ಟಣವನ್ನು ಎಂದೂ ಚೀಲದೊಳಗೆ ಹಾಕಬಾರದು. ದಪ್ಪ ಕಾಲುಚೀಲದಲ್ಲಿಟ್ಟು, ಪೆಟ್ಟಿಗೆಯ ಒಂದೇ ಬದಿಗೆ, ಟವಲಿನ ಆಚೆಗಿರಿಸಬೇಕು. ಅದಕ್ಕೂ ಗಾಳಿ ಬೇಕು, ಹಾವಿಗೂ ಗಾಳಿ ಬೇಕು; ತೂತುಗಳು ಮುಚ್ಚಬಾರದು. ಪೊಟ್ಟಣ ಇಲ್ಲದಿದ್ದರೆ, ಕೈಗೆ ಹಿತವೆನಿಸುವಷ್ಟೇ ಬಿಸಿಯಾದ ನೀರನ್ನು ಬಾಟಲಿಗೆ ತುಂಬಿ, ಬಿರಡೆ ಬಿಗಿಮಾಡಿ, ಟವಲು ಸುತ್ತಿಡಬಹುದು. ಒದ್ದೆ ಬಟ್ಟೆ ಮಾತ್ರ ಒಳಗಿರಬಾರದು. ಏನೂ ಸಿಗದಾಗ ಗಂಟು ಹಾಕಿದ ಚೀಲವನ್ನು ನಮ್ಮ ಜಾಕೆಟ್ಟಿನೊಳಗೆ ಎದೆಗೆ ಒತ್ತಿಕೊಳ್ಳುವುದೇ ಉಪಾಯ, ಮತ್ತು ಅದು ಕೊನೆಯ ಉಪಾಯವೆಂದು ಕಡೆಗಣಿಸುವಂಥದ್ದಲ್ಲ. ಮನುಷ್ಯನ ಮೈ ಹಾವನ್ನು ಸುಡಲಾರದು.

ಕಾರನ್ನು ಬೆಚ್ಚಗಾಗಿಸುವ ಆತುರದಲ್ಲಿ ಯಾರೂ ಅದನ್ನು ಮುಚ್ಚಿದ ಗ್ಯಾರೇಜಿನಲ್ಲಿ ಚಾಲೂ ಮಾಡಬೇಡಿ. ಟೆಕ್ಸಸ್‌ನಲ್ಲಿ ಆ ವಾರ ಕಾರ್ಬನ್ ಮೊನಾಕ್ಸೈಡ್ ಉಸಿರಾಡಿ ಜನ ಸತ್ತರು. ಪ್ರಾಣಿಗಿಂತ ಮೊದಲು ಮಕ್ಕಳ ಜೀವ, ನಿಮ್ಮ ಜೀವ.

ಪೆಟ್ಟಿಗೆ ಮಗಳ ತೊಡೆಯ ಮೇಲಿತ್ತು. ಒಳಗೆ ಚೀಲಕ್ಕೆ ತಾಗಿಸಿಟ್ಟ ಥರ್ಮಾಮೀಟರಿನ ತಂತಿ ಹೊರಬಂದಿತ್ತು, ಅದರ ಪುಟ್ಟ ಪರದೆಯನ್ನು ಅವಳು ಓದುತ್ತಿದ್ದಳು: 27, 27, 26. ಹಿಮಗಟ್ಟಿದ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿ ಎರಡು ಗಂಟೆಯಾಯಿತು. 25 ಬಂದಾಗ ಅವಳ ಮುಖ ಬಾಡಿತು. ನಾನು ಇನ್ನೊಂದು ಪೊಟ್ಟಣ ಸೇರಿಸಲಿಲ್ಲ. ಕೆಲವು ಗಂಟೆಗಳ ಮಟ್ಟಿಗೆ ಇಪ್ಪತ್ತರ ಮೇಲಿನ ತಂಪನ್ನು ಆರೋಗ್ಯವಂತ ಹಾವು ತಾಳಿಕೊಳ್ಳುತ್ತದೆ, ಆದರೆ ಮುಚ್ಚಿದ ಪೆಟ್ಟಿಗೆಯಲ್ಲಿ ಬಿಸಿ 38 ಡಿಗ್ರಿಗೆ ಏರಿದರೆ ಅದು ತಪ್ಪಿಸಿಕೊಳ್ಳಲು ತಂಪಾದ ಮೂಲೆಯಿಲ್ಲದೆ ಸಾಯಬಹುದು. ಗಾಬರಿಯಲ್ಲಿ ನಾವು ಮಾಡುವ ತಪ್ಪು ಹೆಚ್ಚಾಗಿ ಅತಿ ಬಿಸಿಯ ಕಡೆಗೇ ಇರುತ್ತದೆ.

ಹೋಗುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕೆಂಬುದಕ್ಕೂ ಕಾರಣವಿದೆ. ಕತ್ರೀನಾ ಚಂಡಮಾರುತದ ನಂತರ, 2006ರಲ್ಲಿ, ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಗಣಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಬಂತು. ಆದರೆ ಅಲ್ಲಿನ ವಿಪತ್ತು ನಿರ್ವಹಣಾ ಸಂಸ್ಥೆ ಮಾಡಿದ ವ್ಯಾಖ್ಯೆಯಲ್ಲಿ ನಾಯಿ, ಬೆಕ್ಕು, ಮೊಲಗಳಿದ್ದು, ಸರೀಸೃಪಗಳಲ್ಲಿ ಆಮೆಗೆ ಮಾತ್ರ ಸ್ಥಾನ ಸಿಕ್ಕಿತು. ಆಶ್ರಯ ಶಿಬಿರದ ಬಾಗಿಲಲ್ಲಿ ಹಾವಿನ ಪೆಟ್ಟಿಗೆಯನ್ನು ಒಳಬಿಡದಿದ್ದರೆ ಚಳಿಯಲ್ಲಿ ನಿಂತು ವಾದಿಸಲು ಸಮಯವಿರುವುದಿಲ್ಲ. ಒಪ್ಪುವ ಸ್ನೇಹಿತರೊಬ್ಬರ ವಿಳಾಸ ಮತ್ತು ಸರೀಸೃಪಗಳನ್ನು ನೋಡುವ ಪಶುವೈದ್ಯರ ಫೋನ್ ನಂಬರು ಮುಚ್ಚಳದ ಮೇಲೇ ಅಂಟಿಸಿರಲಿ; ಹಾವಿನ ಜಾತಿ, "ವಿಷವಿಲ್ಲ" ಎಂಬ ಮಾತೂ ದೊಡ್ಡ ಅಕ್ಷರದಲ್ಲಿರಲಿ.

ನಾಲ್ಕನೆಯ ದಿನ ಮನೆಗೆ ಮರಳಿದೆವು. ಗಾಜಿನ ಪೆಟ್ಟಿಗೆಯ ಬೆಚ್ಚನೆಯ ಬದಿ ಮತ್ತೆ 32 ಡಿಗ್ರಿಗೆ ಬಂದು ನಿಲ್ಲುವವರೆಗೆ ಹಾವನ್ನು ಚೀಲದಿಂದ ಬಿಡಿಸಲಿಲ್ಲ. ಮುಂದಿನ ಒಂದು ವಾರ ಮಗಳು ದಿನವೂ ಟಾರ್ಚ್ ಹಿಡಿದು ಮೂಗಿನ ಬಳಿ ನೊರೆ ಇದೆಯೇ, ಉಸಿರಿನಲ್ಲಿ ಸಿಳ್ಳೆಯ ಸದ್ದಿದೆಯೇ, ಬಾಯಿ ತೆರೆದು ಉಸಿರಾಡುತ್ತಿದೆಯೇ ಎಂದು ನೋಡಿದಳು. ಯಾವುದೂ ಇರಲಿಲ್ಲ. ಎಂಟನೆಯ ದಿನ ಇಕ್ಕಳದ ತುದಿಯಲ್ಲಿ ಎಂದಿಗಿಂತ ಚಿಕ್ಕದೊಂದು ಇಲಿಯನ್ನು ಕೊಟ್ಟಳು; ಹಾವು ಎರಡು ಬಾರಿ ನಾಲಿಗೆ ಚಾಚಿ, ಹಿಡಿದು, ನಿಧಾನವಾಗಿ ನುಂಗಿತು.