ಮನಸ್ಸನ್ನು ಕುಗ್ಗಿಸುವುದು ಯಾವುದು?

ಕೇಳುಗರಿಗೆ ನಮಸ್ಕಾರ.

ಮದುವೆ ಮನೆಯಲ್ಲಿ ನಲವತ್ತು ದಾಟಿದ ಬ್ರಹ್ಮಚಾರಿ ಕಂಡರೆ ಸಾಕು, "ನಮಗೆಲ್ಲ ಊಟ ಯಾವಾಗಪ್ಪ ಹಾಕಿಸ್ತೀಯ?" ಎಂದು ಕೇಳಿಬಿಡುತ್ತೇವೆ. ಆತ ನಕ್ಕು ಸುಮ್ಮನಾಗುತ್ತಾನೆ. ಆತನಿಗೆ ವರ್ಷಗಳಿಂದ ಜೊತೆಗಿರುವ ಗಂಡು ಸಂಗಾತಿ ಇರಬಹುದು. ಊರವರ ಪಾಲಿಗೆ ಮಾತ್ರ ಅವನು 'ರೂಮ್‌ಮೇಟ್'. ಆ ಸಂಗಾತಿಯನ್ನು ಆಸ್ಪತ್ರೆಗೆ ಸೇರಿಸುವಾಗ, ಅರ್ಜಿಯಲ್ಲಿ 'ರೋಗಿಗೆ ಏನಾಗಬೇಕು' ಎಂಬ ಜಾಗಕ್ಕೆ ಬಂದೊಡನೆ ಪೆನ್ನು ನಿಲ್ಲುತ್ತದೆ. ಫೋನ್ ಬಂದರೆ ಎದ್ದು ಹೊರಗೆ ಹೋಗಬೇಕು, ಪ್ರತಿ ಮಾತನ್ನೂ ಅಳೆದು ತೂಗಿ ಆಡಬೇಕು. ಹೀಗೆ ಇಡೀ ಆಯುಷ್ಯ. ಇದನ್ನು ಮನಶ್ಶಾಸ್ತ್ರಜ್ಞರು 'ಮೈನಾರಿಟಿ ಸ್ಟ್ರೆಸ್', ಅಂದರೆ ಅಲ್ಪಸಂಖ್ಯಾತರಾಗಿ ಬದುಕುವವರು ಹೊರುವ ಒತ್ತಡ, ಎನ್ನುತ್ತಾರೆ. ಸಲಿಂಗಪ್ರೇಮಿಗಳಲ್ಲಿ ಖಿನ್ನತೆ, ಆತಂಕ ಹೆಚ್ಚಾಗಿ ಕಾಣುವುದು ನಿಜ. ಅದರ ಬೇರಿರುವುದು ಈ ನಿತ್ಯದ ಎಚ್ಚರದಲ್ಲಿ, ಸುತ್ತಲಿನವರ ತಾತ್ಸಾರದಲ್ಲಿ.

ಆ ಒಲವೇ ಕಾಯಿಲೆಯೆಂದು ವೈದ್ಯರೂ ಬಹುಕಾಲ ನಂಬಿದ್ದರು. ಅವರು ಹೆಚ್ಚಾಗಿ ನೋಡಿದ್ದು ಚಿಕಿತ್ಸೆಗೆ ಬಂದವರನ್ನು, ಜೈಲಿನಲ್ಲಿದ್ದವರನ್ನು. ಅಮೆರಿಕದ ಲಾಸ್ ಏಂಜಲೀಸ್‌ನ ಮನಶ್ಶಾಸ್ತ್ರಜ್ಞೆ ಈವ್ಲಿನ್ ಹೂಕರ್, ತಮ್ಮ ಪಾಡಿಗೆ ದುಡಿದು ಬದುಕುತ್ತಿದ್ದ 30 ಸಲಿಂಗಪ್ರೇಮಿ ಗಂಡಸರನ್ನು ಹುಡುಕಿದರು. ಹೋಲುವ ವಯಸ್ಸು, ಓದಿನ 30 ಇತರ ಗಂಡಸರನ್ನೂ ಆರಿಸಿ, ಮನಸ್ಸನ್ನು ಅಳೆಯುವ ಪರೀಕ್ಷೆಯಾಗಿ ಎಲ್ಲರಿಗೂ ಶಾಯಿಯ ಕಲೆಗಳನ್ನು ತೋರಿಸಿ ಏನು ಕಾಣುತ್ತದೆಂದು ಕೇಳಿದರು. ಹೆಸರಿಲ್ಲದ ಉತ್ತರಗಳು ಈ ಪರೀಕ್ಷೆಯಲ್ಲಿ ಪಳಗಿದ ತಜ್ಞರ ಮುಂದೆ ಹೋದವು. ಯಾರು ಸಲಿಂಗಪ್ರೇಮಿ, ಯಾರಲ್ಲ ಎಂದು ಅವರಿಗೆ ಗುರುತು ಹಿಡಿಯಲಾಗಲಿಲ್ಲ! ಇದು ಪ್ರಕಟವಾದದ್ದು 1957ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಕಾಯಿಲೆಗಳ ಪಟ್ಟಿಯಿಂದ ಸಲಿಂಗಪ್ರೇಮವನ್ನು ತೆಗೆದದ್ದು 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ. ಆ ನಡುವೆ ಚಿಕಿತ್ಸೆಯ ಹೆಸರಿನಲ್ಲಿ ಕರೆಂಟ್ ಶಾಕ್ ತಿಂದವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಒಲವನ್ನು ಬದಲಿಸುತ್ತೇವೆ ಎಂದು ಚಿಕಿತ್ಸೆ ಕೊಡುವುದು ವೈದ್ಯರ ವೃತ್ತಿಗೆ ಸಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಇಷ್ಟಾದರೂ ಮಗ ಬಾಯಿಬಿಟ್ಟು ಹೇಳಿದ ಮೇಲೆ ಹರಕೆ, ತಾಯತ, ಕೊನೆಗೆ ಆತುರದ ಮದುವೆ. ಏನೂ ಅರಿಯದ ಒಂದು ಹೆಣ್ಣುಮಗಳ ಬಾಳೂ ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ತಂದೆ ತಾಯಂದಿರೇ, ಮಕ್ಕಳು ಹೇಳುವುದನ್ನು ಮೊದಲು ಕೂತು ಪೂರ್ತಿ ಕೇಳಿ. ನಿಮಗೂ ದಿಕ್ಕು ತೋಚದಂತಾಗಬಹುದು, ಅದು ಸಹಜ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ನೀವೂ ಕರೆ ಮಾಡಬಹುದು, ಅವರೂ ಮಾಡಬಹುದು. ಹಗಲಿರುಳೂ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.