ಐದು ಲಕ್ಷ ಒಡೆಯರ ತಂಡ

ಕೇಳುಗರಿಗೆ ನಮಸ್ಕಾರ.

ಈ ಭಾನುವಾರ ರಾತ್ರಿ ಕಳೆದು ಸೋಮವಾರ ಬೆಳಗಿನ ಜಾವ 1 ಗಂಟೆ 55 ನಿಮಿಷಕ್ಕೆ ನಾನು ಅಲಾರಂ ಇಟ್ಟುಕೊಂಡು ಏಳುವವನಿದ್ದೇನೆ. ಮನೆಯಲ್ಲಿ ಇದಕ್ಕಿನ್ನೂ ಒಪ್ಪಿಗೆ ಸಿಕ್ಕಿಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಊರಲ್ಲಿ ಆಗಿನ್ನೂ ಭಾನುವಾರದ ಮಧ್ಯಾಹ್ನ. ಅಲ್ಲಿಯ ಪ್ಯಾಕರ್ಸ್ ತಂಡ ಡೆಟ್ರಾಯಿಟ್ ಲಯನ್ಸ್ ವಿರುದ್ಧ 2025ರ ಸಾಲಿನ ಮೊದಲ ಪಂದ್ಯ ಆಡುತ್ತದೆ.

ಆಟದ ಮಾತು ಆಟ ಮುಗಿದ ಮೇಲೆ. ಇವತ್ತು ನಾನು ಹೇಳಹೊರಟಿರುವುದು ಆಟವೇ ಇಲ್ಲದೆ ಕಳೆದ ಸುಮಾರು ಎಂಟು ತಿಂಗಳ ಕಥೆ. ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಸರಿಗೆ ಫುಟ್‌ಬಾಲ್. ಚೆಂಡು ಕಾಲಿಗಿಂತ ಕೈಯಲ್ಲೇ ಹೆಚ್ಚು ಇರುತ್ತದೆ. ಸೆಪ್ಟೆಂಬರಿನಿಂದ ಜನವರಿಯ ತನಕ ತಂಡಕ್ಕೆ 17 ಲೀಗ್ ಪಂದ್ಯ, ಗೆದ್ದವರಿಗೆ ಇನ್ನು ಮೂರು ನಾಲ್ಕು. ಉಳಿದ ತಿಂಗಳುಗಳಲ್ಲಿ ಮೈದಾನ ಖಾಲಿ, ಬಾಯಿ ಮಾತ್ರ ಖಾಲಿ ಇರುವುದಿಲ್ಲ.

ಆ ಬಾಯಿಗಳ ಪರಿಚಯ ನನಗಾದದ್ದು 2008ರ ಬೇಸಿಗೆಯಲ್ಲಿ. ನಾನು ದಾಂಡೇಲಿಯವನು, ಕಾಗದದ ವಾಸನೆಯಲ್ಲೇ ಬೆಳೆದವನು. ಫಾಕ್ಸ್ ನದಿಯ ದಂಡೆಯ ಗ್ರೀನ್ ಬೇ ಕೂಡ ಕಾಗದ ಕಾರ್ಖಾನೆಗಳ ಊರೇ. ಯಂತ್ರದ ಕೆಲಸ ಕಲಿಯಲು ಹೋದವನಿಗೆ ಪ್ಯಾಕರ್ಸ್ ಆಡುವ ಲ್ಯಾಂಬೋ ಮೈದಾನದ ಹತ್ತಿರ, ನಡೆದು ಹೋಗುವಷ್ಟು ದೂರದಲ್ಲಿ, ಒಬ್ಬ ನಿವೃತ್ತ ಟೀಚರಮ್ಮನ ಮನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಹಜಾರದ ಗೋಡೆಯಲ್ಲಿ ಅವರ ಮದುವೆಯ ಫೋಟೊ. ಅದರ ಪಕ್ಕದಲ್ಲಿ, ಅದಕ್ಕಿಂತ ದೊಡ್ಡ ಕಟ್ಟಿನಲ್ಲಿ, ಒಂದು ಷೇರು ಪತ್ರ. "ಬಾಡಿಗೆ ಕೊಡೋಕೆ ಮುಂಚೆ ತಿಳ್ಕೊಳ್ಳಪ್ಪ, ನೀನು ನಿಂತಿರೋದು ಒಂದು ಫುಟ್‌ಬಾಲ್ ತಂಡದ ಒಡತಿಯ ಮನೇಲಿ" ಅಂದರು. ನಾನು ತಮಾಷೆ ಅಂದುಕೊಂಡೆ.

ತಮಾಷೆಯಲ್ಲ. ಅಮೆರಿಕದ ಈ ಲೀಗಿನಲ್ಲಿ 32 ತಂಡಗಳು. ಬೇರೆಯವೆಲ್ಲ ಒಬ್ಬ ಕುಬೇರನದೋ, ಒಂದು ಮನೆತನದ್ದೋ, ನಾಲ್ಕಾರು ಶ್ರೀಮಂತರದ್ದೋ. ಪ್ಯಾಕರ್ಸ್ ಮಾತ್ರ ಜನರದ್ದು. 1919ರಲ್ಲಿ ಕರ್ಲಿ ಲ್ಯಾಂಬೋ ಎಂಬ ತರುಣ, ತಾನು ಕೆಲಸ ಮಾಡುತ್ತಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿಯಿಂದ ಅಂಗಿ ಸಾಮಾನಿಗೆಂದು 500 ಡಾಲರ್ ಕೇಳಿ ಪಡೆದ. ತಂಡಕ್ಕೆ ಪ್ಯಾಕರ್ಸ್ ಎಂಬ ಹೆಸರು ಬಿತ್ತು. ಇಂಡಿಯನ್ ಅಂದ ಕೂಡಲೇ ನಮ್ಮವರೆಂದು ಹಿಗ್ಗಬೇಡಿ, ಅದು ಮಾಂಸವನ್ನು ಡಬ್ಬಿಗೆ ತುಂಬುವ ಅಲ್ಲಿಯದೇ ಕಂಪನಿ. 1923ರಲ್ಲಿ ಕೈ ಬರಿದಾದಾಗ ಊರವರಿಗೆ 5 ಡಾಲರಿನಂತೆ ಷೇರು ಮಾರಿದರು. ಆಮೇಲೂ ಐದು ಸಲ ಮಾರಿದ್ದಾರೆ. ಕೊನೆಯ ಸಲ, 2021ರಲ್ಲಿ, ಒಂದಕ್ಕೆ 300 ಡಾಲರ್. ಇವತ್ತು ಷೇರುದಾರರು 5 ಲಕ್ಷಕ್ಕೂ ಹೆಚ್ಚು. ಊರಿನ ಜನಸಂಖ್ಯೆಯೇ ಸುಮಾರು 1 ಲಕ್ಷ 7 ಸಾವಿರ!

ಷೇರಿಗೆ ಲಾಭಾಂಶವಿಲ್ಲ. ಬೆಲೆ ಏರುವುದಿಲ್ಲ. ಪೇಟೆಯಲ್ಲಿ ಮಾರುವಂತಿಲ್ಲ. ಜುಲೈ ತಿಂಗಳಲ್ಲಿ ಮೈದಾನದಲ್ಲೇ ವಾರ್ಷಿಕ ಸಭೆ, ಆಡಳಿತ ಮಂಡಳಿಗೊಂದು ಮತ, ಅಲ್ಲಿಗೆ ಒಡೆತನ ಮುಗಿಯಿತು. ಯಾರನ್ನು ಆಡಿಸಬೇಕು, ಯಾರನ್ನು ಬಿಡಬೇಕು ಎಂದು ಯಾರೂ ಇವರನ್ನು ಕೇಳುವುದಿಲ್ಲ. ಕೇಳದಿದ್ದರೂ ಹೇಳುವುದನ್ನು ಇವರೂ ಬಿಟ್ಟಿಲ್ಲ.

ನಾನು ಹೋದ ವರ್ಷವಂತೂ ಊರು ಎರಡು ಹೋಳಾಗಿತ್ತು. ಹದಿನಾರು ವರ್ಷ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ, ಆಗಿದ್ದ ಬ್ರೆಟ್ ಫಾರ್ವ್ ಮಾರ್ಚಿನಲ್ಲಿ ಕಣ್ಣೀರಿಟ್ಟು ನಿವೃತ್ತಿ ಹೇಳಿದ್ದ. ಜುಲೈ ಬಂತು, ವಾಪಸ್ ಬರ್ತೀನಿ ಅಂದ. ತಂಡ ಆ ಹೊತ್ತಿಗೆ, ಮೂರು ವರ್ಷ ಬೆಂಚಿನಲ್ಲಿ ಕೂತಿದ್ದ ಆರನ್ ರಾಜರ್ಸ್‌ಗೆ ಗಾದಿ ಕೊಟ್ಟಾಗಿತ್ತು. ಫಾರ್ವ್‌ನನ್ನು ಆಗಸ್ಟಿನಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಸಾಗಹಾಕಿದರು. ನಮ್ಮ ಟೀಚರಮ್ಮ ಮೂರು ದಿನ ರೇಡಿಯೋ ಹಾಕಲಿಲ್ಲ. 2011ರ ಫೆಬ್ರವರಿಯಲ್ಲಿ ಅದೇ ರಾಜರ್ಸ್ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದುಕೊಟ್ಟಾಗ, "ನಾನು ಮೊದಲೇ ಹೇಳಿರಲಿಲ್ವಾ" ಎಂದರು. ಅವರು ಹಾಗೆ ಹೇಳಿಯೇ ಇರಲಿಲ್ಲ. 2023ರಲ್ಲಿ ರಾಜರ್ಸ್‌ನನ್ನೂ ಅದೇ ಜೆಟ್ಸ್‌ಗೆ ಕಳಿಸಿ ಜೋರ್ಡನ್ ಲವ್‌ನನ್ನು ಕೂರಿಸಿದರು. ಇದು ಈ ತಂಡದ ಒಕ್ಕಲುತನ: ಬೀಜ ಬಿತ್ತಬೇಕು, ಕಾಯಬೇಕು, ಹಣ್ಣಾದಾಗ ಕೊಯ್ಯಬೇಕು. ಪೇಟೆಗೆ ಹೋಗಿ ಕೊಳ್ಳುವ ಅಭ್ಯಾಸ ಕಡಿಮೆ.

ಈ ವರ್ಷ ಆ ಒಕ್ಕಲುತನವೇ ತಲೆಕೆಳಗಾಯಿತು. ಅದಕ್ಕೇ ಈ ಮಾತೆಲ್ಲ.

ಮೊದಲು ನನಗೆ ನಾಚಿಕೆ ತರಿಸಿದ ಸುದ್ದಿ. ಫಿಲಡೆಲ್ಫಿಯಾ ಈಗಲ್ಸ್ ತಂಡದವರಿಗೆ ಒಂದು ಪಟ್ಟು ಇದೆ. ಚೆಂಡನ್ನು ಮುಂದೊಯ್ಯಲು ಇನ್ನೊಂದೇ ಗಜ ಬೇಕಾದಾಗ ಚೆಂಡು ಹಿಡಿದ ಕ್ವಾರ್ಟರ್‌ಬ್ಯಾಕ್ ಮುಂದಕ್ಕೆ ನುಗ್ಗುತ್ತಾನೆ, ಹಿಂದಿದ್ದವರು ಅವನ, ರೇಡಿಯೋದಲ್ಲಿ ಹೇಳಲು ಸಂಕೋಚ, ಹಿಂಭಾಗಕ್ಕೆ ಕೈಕೊಟ್ಟು ಕೆಸರಲ್ಲಿ ಹೂತ ಬಸ್ಸಿನಂತೆ ನೂಕುತ್ತಾರೆ. ಟಷ್ ಪುಶ್ ಅಂತ ಅದಕ್ಕೆ ಹೆಸರು. ಇದನ್ನು ನಿಷೇಧಿಸಿ ಎಂದು ಲೀಗಿನ ಮುಂದೆ ಅರ್ಜಿ ಹಾಕಿದವರು ಯಾರು? ಪ್ಯಾಕರ್ಸ್. ಕಳೆದ ಸಾಲಿನ ಮೊದಲ ಪಂದ್ಯ ಬ್ರೆಜಿಲಿನ ಸಾವೊ ಪೌಲೊದಲ್ಲಿ ನಡೆದಾಗ ಇವರು ಸೋತದ್ದು ಈಗಲ್ಸ್‌ಗೆ. ಜನವರಿಯಲ್ಲಿ ನಾಕೌಟಿನಲ್ಲಿ ಸೋತದ್ದೂ ಈಗಲ್ಸ್‌ಗೇ, 22-10. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಮೇ ತಿಂಗಳಲ್ಲಿ 32 ತಂಡಗಳು ಮತ ಹಾಕಿದವು, ನಿಷೇಧಕ್ಕೆ 24 ಬೇಕಿತ್ತು. ಬಿದ್ದದ್ದು ಪರ 22, ವಿರೋಧ 10. ಅಂಕಪಟ್ಟಿಯಲ್ಲೂ ಅದೇ, ಮತಪೆಟ್ಟಿಗೆಯಲ್ಲೂ ಅದೇ! ಆ ಪಟ್ಟು ನೋಡಲು ಚೆಂದವೇನಲ್ಲ, ಒಪ್ಪುತ್ತೇನೆ. ಆದರೆ ಸೋತವನು ಹೋಗಿ ಅರ್ಜಿ ಬರೆಯಬಾರದಿತ್ತು.

ಏಪ್ರಿಲಿನಲ್ಲಿ ಮಾತ್ರ ಊರಿಗೆ ಜಾತ್ರೆ. ಕಾಲೇಜು ಆಟಗಾರರನ್ನು ಹಂಚಿಕೊಳ್ಳುವ ಡ್ರಾಫ್ಟ್ ಈ ಸಲ ಗ್ರೀನ್ ಬೇಯಲ್ಲೇ ನಡೆಯಿತು. ಇದು ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಸೋತವರಿಗೆ ಮೊದಲ ಸರದಿ, ಗೆದ್ದವರಿಗೆ ಕೊನೆಯದು. ದುಡ್ಡು ಕೂಗುವಂತಿಲ್ಲ. ಮೂರು ದಿನದಲ್ಲಿ 6 ಲಕ್ಷ ಜನ ಬಂದರು ಎಂದು ಲೀಗಿನವರು ಲೆಕ್ಕ ಕೊಟ್ಟರು. ಟೀಚರಮ್ಮ ಅಂಗಳದ ಹುಲ್ಲಿನ ಮೇಲೆ ಕಾರು ನಿಲ್ಲಿಸಿಕೊಂಡು ದುಡ್ಡು ಎಣಿಸಿದರು. ಆ ಬೀದಿಯಲ್ಲಿ ಎಲ್ಲರೂ ಮಾಡುವುದು ಅದೇ, ರಟ್ಟಿನ ಮೇಲೆ ದರ ಬರೆದು ಗೇಟಿಗೆ ಒರಗಿಸಿರುತ್ತಾರೆ. ಪ್ಯಾಕರ್ಸ್ ಸರದಿ 23ನೆಯದು. ಟೆಕ್ಸಸ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಗೋಲ್ಡನ್ ಹೆಸರು ಕೇಳಿದಾಗ ಊರೇ ಕೂಗಿತಂತೆ, ಟೀಚರಮ್ಮನ ಕಿಟಕಿ ಗಾಜು ಅದುರಿತಂತೆ. ಗೋಲ್ಡನ್ 40 ಗಜವನ್ನು 4.29 ಸೆಕೆಂಡಿನಲ್ಲಿ ಓಡುವ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವವನು. ಮೊದಲ ಸುತ್ತಿನಲ್ಲಿ ಪ್ಯಾಕರ್ಸ್ ಒಬ್ಬ ರಿಸೀವರನನ್ನು ಆರಿಸಿದ್ದು 2002ರ ನಂತರ ಇದೇ ಮೊದಲು. ರಾಜರ್ಸ್ ಇದ್ದಷ್ಟೂ ವರ್ಷ ಜನ ಕೇಳುತ್ತಲೇ ಇದ್ದರು, ಕೊಡಲಿಲ್ಲ. ಅವನು ಹೋದ ಮೇಲೆ ಕೊಟ್ಟರು.

ಜೂನಿನಲ್ಲಿ ಜೈರ್ ಅಲೆಕ್ಸಾಂಡರ್‌ನನ್ನು ಬಿಟ್ಟರು. ಎದುರಾಳಿ ರಿಸೀವರನಿಗೆ ನೆರಳಿನಂತೆ ಅಂಟಿಕೊಳ್ಳುವ ಚತುರ, ಆದರೆ ಗಾಯದ ಮೈ. ನಾಲ್ಕು ಸಾಲಿನ 68 ಲೀಗ್ ಪಂದ್ಯಗಳಲ್ಲಿ ಆಡಿದ್ದು 34. ಒಂದೊಂದು ತಂಡವೂ ಆಟಗಾರರ ಸಂಬಳಕ್ಕೆ 2025ರಲ್ಲಿ 27 ಕೋಟಿ 92 ಲಕ್ಷ ಡಾಲರಿನ ಮಿತಿಯೊಳಗೇ ಇರಬೇಕಿತ್ತು. ಅರ್ಧ ಆಡುವವನಿಗೆ ಪೂರ್ತಿ ಕೊಡುವುದು ಕಷ್ಟ. ಜುಲೈನಲ್ಲಿ ಅಧ್ಯಕ್ಷ ಮಾರ್ಕ್ ಮರ್ಫಿ ನಿವೃತ್ತರಾದರು. 70 ತುಂಬಿದವರು ಇಳಿಯಬೇಕೆಂಬುದು ತಂಡದ ನಿಯಮ. ಆ ಜಾಗಕ್ಕೆ ಎಡ್ ಪಾಲಿಸಿ ಎಂಬವರು ಬಂದರು. ಷೇರುದಾರರಿರುವ ಕಾರಣ ಪ್ಯಾಕರ್ಸ್ ತನ್ನ ಆಯವ್ಯಯ ಬಿಚ್ಚಿ ತೋರಿಸಲೇಬೇಕು. ಹಾಗಾಗಿ ಲೀಗು ಪ್ರತಿ ತಂಡಕ್ಕೂ ಎಷ್ಟು ಹಂಚುತ್ತದೆ ಎಂಬುದು ಲೋಕಕ್ಕೆ ತಿಳಿಯುವುದೇ ಈ ಊರಿನಿಂದ. ಈ ಸಲ ಅದು 43 ಕೋಟಿ 26 ಲಕ್ಷ ಡಾಲರ್. ಉಳಿದ 31 ತಂಡಗಳ ಗುಟ್ಟು ಪ್ರತಿ ಬೇಸಿಗೆ ಹೀಗೆ ಬಯಲಾಗುತ್ತದೆ.

ಬೇಸಿಗೆ ಅಭ್ಯಾಸದ ಒಂದು ನೋಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಅಭ್ಯಾಸಕ್ಕೆ ಹೊರಡುವ ಆಟಗಾರರಿಗೆ ಊರ ಮಕ್ಕಳು ತಮ್ಮ ಸೈಕಲ್ ಕೊಡುತ್ತಾರೆ. ನೂರೈವತ್ತು ಕಿಲೋ ತೂಗುವ ದೈತ್ಯ, ಎಂಟು ವರ್ಷದ ಹುಡುಗಿಯ ಗುಲಾಬಿ ಸೈಕಲಿನ ಮೇಲೆ, ಮೊಣಕಾಲು ಗದ್ದಕ್ಕೆ ತಾಗುವಂತೆ ತುಳಿಯುತ್ತಾನೆ. ಆ ಹುಡುಗಿ ಅವನ ಹೆಲ್ಮೆಟ್ಟನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಪಕ್ಕದಲ್ಲಿ ಓಡುತ್ತಾಳೆ. ವಿನ್ಸ್ ಲೊಂಬಾರ್ಡಿ ಕೋಚ್ ಆಗಿದ್ದ ಕಾಲದಿಂದ ನಡೆದು ಬಂದದ್ದು.

ಇನ್ನು ಆಗಸ್ಟ್ 28. ಡಲ್ಲಾಸ್ ಕೌಬಾಯ್ಸ್‌ನ ಮೈಕಾ ಪಾರ್ಸನ್ಸ್, ನಾಲ್ಕು ಸಾಲಿನಲ್ಲಿ ಎದುರಾಳಿ ಕ್ವಾರ್ಟರ್‌ಬ್ಯಾಕ್‌ಗಳನ್ನು ಐವತ್ತಕ್ಕೂ ಹೆಚ್ಚು ಸಲ ನೆಲಕ್ಕೆ ಕೆಡವಿದವನು, ಪ್ಯಾಕರ್ಸ್‌ಗೆ ಬಂದ. ಡಲ್ಲಾಸಿಗೆ ಒಬ್ಬನೇ ಒಡೆಯ, ಜೆರ್ರಿ ಜೋನ್ಸ್. ಆಟಗಾರನ ಸಂಬಳದ ಜಗಳವನ್ನು ಬೇಸಿಗೆಯುದ್ದಕ್ಕೂ ಮೈಕಿನ ಮುಂದೆ ಆಡಿ, ಕೊನೆಗೆ ಕೈಬಿಟ್ಟರು. ಐದು ಲಕ್ಷ ಒಡೆಯರ ತಂಡದಲ್ಲಿ ಮ್ಯಾನೇಜರ್ ಬ್ರಯನ್ ಗುಟೆಕುನ್ಸ್ಟ್ ಒಂದು ಸೊಲ್ಲೂ ಹೊರಬಿಡದೆ ವ್ಯಾಪಾರ ಮುಗಿಸಿದರು. ಕೊಟ್ಟದ್ದೇನು ಕಡಿಮೆಯೇ? ಮುಂದಿನ ಎರಡು ವರ್ಷದ ಡ್ರಾಫ್ಟಿನ ಮೊದಲ ಸುತ್ತಿನ ಸರದಿಗಳು, ಜೊತೆಗೆ ಒಂಬತ್ತು ಸಾಲು ದುಡಿದ ಕೆನಿ ಕ್ಲಾರ್ಕ್. ಪಾರ್ಸನ್ಸ್‌ಗೆ ನಾಲ್ಕು ವರ್ಷಕ್ಕೆ 18 ಕೋಟಿ 80 ಲಕ್ಷ ಡಾಲರ್. ಕ್ವಾರ್ಟರ್‌ಬ್ಯಾಕ್ ಅಲ್ಲದವನಿಗೆ ಅಷ್ಟು ದುಡ್ಡು ಹಿಂದೆ ಯಾರೂ ಕೊಟ್ಟದ್ದಿಲ್ಲ.

ಬಿತ್ತನೆ ಬೀಜವನ್ನೇ ಮಾರಿ ಎತ್ತು ತಂದರು ಎಂದು ಬೈಯುವವರು ಇದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊಲ ಹದವಾಗಿದೆ, ಹುಡುಗರು ಬೆಳೆದು ನಿಂತಿದ್ದಾರೆ, ಕೊಯ್ಲಿಗೆ ಒಬ್ಬ ಬಲಾಢ್ಯ ಬೇಕಿತ್ತು. 1993ರಲ್ಲಿ ಹೊರಗಿನಿಂದ, ಪಾರ್ಸನ್ಸ್‌ನಂತೆಯೇ ಕ್ವಾರ್ಟರ್‌ಬ್ಯಾಕ್‌ಗಳನ್ನು ಕೆಡವುವ ರೆಗ್ಗಿ ವೈಟ್‌ನನ್ನು ತಂದ ಮೇಲಲ್ಲವೇ 1997ರ ಜನವರಿಯಲ್ಲಿ ಸೂಪರ್ ಬೌಲ್ ಬಂದದ್ದು? ಆ ಐದು ಲಕ್ಷ ಒಡೆಯರನ್ನು ಸಭೆ ಕರೆದು ಕೇಳಿದ್ದರೆ ಕ್ಲಾರ್ಕ್‌ನನ್ನು ಬಿಟ್ಟುಕೊಡಲು ಒಬ್ಬರೂ ಕೈ ಎತ್ತುತ್ತಿರಲಿಲ್ಲ. ಟೀಚರಮ್ಮನಂತೂ ಖಂಡಿತ ಇಲ್ಲ.

ಮೊನ್ನೆ ಫೋನ್ ಮಾಡಿದ್ದೆ. ಈಗ ಅವರಿಗೆ 82. ಪಾರ್ಸನ್ಸ್ ಬಂದ ಖುಷಿಯನ್ನು ಹತ್ತು ನಿಮಿಷ ಹೇಳಿದರು. ಕ್ಲಾರ್ಕ್‌ನ 97ನೇ ನಂಬರಿನ ಅಂಗಿ ಅವರ ಹತ್ತಿರ ಇರುವುದು ನನಗೆ ಗೊತ್ತು. ಸೆಪ್ಟೆಂಬರ್ 28ಕ್ಕೆ ಪ್ಯಾಕರ್ಸ್ ಡಲ್ಲಾಸಿಗೇ ಹೋಗಿ ಆಡಬೇಕು, ಆಗ ಕ್ಲಾರ್ಕ್ ಎದುರು ಪಾಳೆಯದಲ್ಲಿರುತ್ತಾನೆ. ಆ ದಿನ ಆ ಅಂಗಿ ಏನು ಮಾಡ್ತೀರಿ ಅಂತ ಕೇಳಿದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ.

"ಹಾಕ್ಕೋತೀನಿ. ಮೇಲೆ ಸ್ವೆಟರ್ ಇರುತ್ತಲ್ಲ" ಅಂದರು.

ನಮಸ್ಕಾರ.