ಮ್ಯಾನಿಕ್ ಮೈನರ್: ಇಪ್ಪತ್ತು ಗುಹೆಗಳ ಕಟ್ಟುನಿಟ್ಟಿನ ನ್ಯಾಯ

ಮಾನ್ಯರೇ,

1983ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನ ಬಗ್-ಬೈಟ್ ಎಂಬ ಕಂಪನಿ ಒಂದು ಕ್ಯಾಸೆಟ್ಟನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದ ಕಂಪ್ಯೂಟರ್ ಆಟ 'ಮ್ಯಾನಿಕ್ ಮೈನರ್'. ಅದನ್ನು ಬರೆದ ಮ್ಯಾಥ್ಯೂ ಸ್ಮಿತ್ ಆಗಿನ್ನೂ ಹದಿಹರೆಯದವರು. ಗಣಿಗಾರ ವಿಲ್ಲಿ ಒಂದಾದ ಮೇಲೊಂದು ಇಪ್ಪತ್ತು ಗುಹೆಗಳನ್ನು ಹಾಯಬೇಕು. ಪ್ರತಿ ಗುಹೆಯಲ್ಲೂ ಮಿನುಗುವ ವಸ್ತುಗಳನ್ನೆಲ್ಲ ಆಯ್ದುಕೊಂಡು, ಗಾಳಿ ಮುಗಿಯುವುದರೊಳಗೆ ಬಾಗಿಲು ಸೇರಬೇಕು. ಕಥೆ ಅಷ್ಟೇ. ಇಂಥ ಆಟವನ್ನು ನಾಲ್ಕು ದಶಕಗಳ ನಂತರವೂ ಕೂತು ಆಡಬೇಕೆನ್ನಿಸುವುದು ಅದು ಪಾಲಿಸುವ ಕಟ್ಟುನಿಟ್ಟಾದ ನ್ಯಾಯದಿಂದ ಎಂಬುದೇ ಇಂದು ನಾನು ನಿಮ್ಮ ಮುಂದಿಡುತ್ತಿರುವ ಮಾತು.

ಮೊದಲು ಯಂತ್ರದ ವಿಷಯ. 1982ರಲ್ಲಿ ಸಿಂಕ್ಲೇರ್ ಕಂಪನಿ ಹೊರತಂದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಮಧ್ಯಮ ವರ್ಗದ ಮನೆಗೆ ಎಟುಕುವ ಕಂಪ್ಯೂಟರ್ ಆಗಿತ್ತು. ಅದರಲ್ಲಿದ್ದದ್ದು 3.5 ಮೆಗಾಹರ್ಟ್ಸ್‌ನ ಝಡ್80 ಪ್ರೊಸೆಸರ್. ಈ ಆಟಕ್ಕೆ ಬೇಕಿದ್ದ ಮಾದರಿಯಲ್ಲಿ 48 ಕಿಲೋಬೈಟ್ ಮೆಮೊರಿ. ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಚುಕ್ಕೆಗಳಿದ್ದರೂ, ಎಂಟಕ್ಕೆ ಎಂಟು ಚುಕ್ಕೆಗಳ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳನ್ನು ಬಳಸಲು ಅವಕಾಶವಿತ್ತು. ಅನೇಕರಿಗೆ ತಲೆನೋವಾಗಿದ್ದ ಈ ಮಿತಿಯನ್ನೇ ಸ್ಮಿತ್ ಆಟದ ತಳಹದಿಯನ್ನಾಗಿ ಮಾಡಿಕೊಂಡರು.

ಒಂದು ಗುಹೆಯ ಸಮಸ್ತ ವಿವರವೂ ಸರಿಯಾಗಿ 1024 ಬೈಟ್‌ಗಳಲ್ಲಿ ಅಡಕವಾಗಿದೆ. ಅದರಲ್ಲಿ 512 ಬೈಟ್‌ಗಳು ಗುಹೆಯ ನಕ್ಷೆಗೆ ಮೀಸಲು: ಅಡ್ಡಕ್ಕೆ 32, ಕೆಳಕ್ಕೆ 16 ಚೌಕಗಳು, ಚೌಕಕ್ಕೊಂದು ಬೈಟ್. ಆ ಬೈಟ್ ಹೇಳುವುದು ಬಣ್ಣವನ್ನು. ಆದರೆ ಆ ಬಣ್ಣವನ್ನು ನೋಡಿಯೇ ಪ್ರೋಗ್ರಾಮ್ ಅಲ್ಲಿರುವುದು ನೆಲವೋ, ಗೋಡೆಯೋ, ಕಾಲಿಟ್ಟರೆ ಕುಸಿಯುವ ಹಾಸೋ, ಕನ್ವೇಯರ್ ಬೆಲ್ಟೋ, ತಾಗಿದರೆ ಕೊಲ್ಲುವ ಮುಳ್ಳುಪೊದೆಯೋ ಎಂದು ತೀರ್ಮಾನಿಸುತ್ತದೆ. ಅಂದರೆ ಆಟಗಾರ ಕಣ್ಣಿನಿಂದ ಓದುವುದನ್ನೇ ಯಂತ್ರವೂ ಓದುತ್ತದೆ. ನೋಟಕ್ಕೊಂದು, ನಿಯಮಕ್ಕೊಂದು ಎಂಬ ಬೇರೆ ಬೇರೆ ಲೆಕ್ಕಗಳಿಲ್ಲ. ಆಟದ ವಿನ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಾಮಾಣಿಕತೆಯನ್ನು ನಾನು ಕಂಡಿಲ್ಲ.

ವಿಲ್ಲಿಯ ಜಿಗಿತವೂ ಹೀಗೆಯೇ. ನೆಲ ಬಿಟ್ಟ ಮೇಲೆ ಅವನ ದಾರಿಯನ್ನು ಬದಲಿಸಲಾಗದು. ಬಿಲ್ಲಿನಂತೆ ಬಾಗಿದ ಅದೇ ಪಥ, ಅದೇ ಎತ್ತರ, ಅದೇ ದೂರ. ತೀರಾ ಎತ್ತರದಿಂದ ಬಿದ್ದರೆ ಸಾವು. ಕಾವಲುಗಾರರು ತಮಗೆ ಗೊತ್ತುಪಡಿಸಿದ ಗೆರೆಯ ಮೇಲೆ ಒಂದೇ ಲಯದಲ್ಲಿ ಓಡಾಡುತ್ತಾರೆ. ಗುಹೆ ಮತ್ತೆ ಆರಂಭವಾದಾಗ ಪ್ರತಿಯೊಬ್ಬನೂ ಮೊದಲಿದ್ದ ಜಾಗದಲ್ಲೇ ನಿಂತಿರುತ್ತಾನೆ. ಅದೃಷ್ಟಕ್ಕೆ ಇಲ್ಲಿ ಜಾಗವೇ ಇಲ್ಲ. ಆದ್ದರಿಂದ ಪ್ರತಿ ಸಾವೂ ಒಂದು ಪಾಠವಾಗುತ್ತದೆ, ಮತ್ತು ಕಲಿತದ್ದು ಎಂದೂ ವ್ಯರ್ಥವಾಗುವುದಿಲ್ಲ.

ಐದನೆಯ ಗುಹೆ 'ಯೂಜೀನ್ಸ್ ಲೇರ್' ಮಾತ್ರ ಮೊದಲ ನೋಟಕ್ಕೆ ಈ ಮಾತನ್ನು ಸುಳ್ಳಾಗಿಸುವಂತಿದೆ. ಅಲ್ಲಿ ಯೂಜೀನ್ ಎಂಬ ದೊಡ್ಡ ಮೋರೆ ಬಾಗಿಲಿನ ಮೇಲೆ ಏರುತ್ತ ಇಳಿಯುತ್ತ ಇರುತ್ತದೆ. ಕೊನೆಯ ವಸ್ತುವನ್ನು ಎತ್ತಿಕೊಂಡ ಕೂಡಲೇ ಅದು ಬಣ್ಣ ಬದಲಿಸುತ್ತ ಕೆಳಗಿಳಿದು ಬಾಗಿಲಿಗೆ ಅಡ್ಡ ಕೂತುಬಿಡುತ್ತದೆ. ಇದು ಅನ್ಯಾಯವಲ್ಲವೇ ಎಂದು ನೀವು ಕೇಳಬಹುದು. ಆದರೆ ಯೂಜೀನ್ ಇಳಿಯುವ ವೇಗವೂ ನಿಶ್ಚಿತ; ಯಾವುದನ್ನು ಕೊನೆಗೆ ಉಳಿಸಿಕೊಳ್ಳಬೇಕು, ಅವನು ಎಲ್ಲಿರುವಾಗ ಎತ್ತಿಕೊಳ್ಳಬೇಕು ಎಂದು ಯೋಚಿಸಿದವರಿಗೆ ದಾರಿ ತೆರೆದೇ ಇದೆ. ಕೈಚಳಕದ ಪರೀಕ್ಷೆ ಇಲ್ಲಿ ಮುಂದಾಲೋಚನೆಯ ಪರೀಕ್ಷೆಯಾಗುತ್ತದೆ.

ಸಂಗೀತದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಸ್ಪೆಕ್ಟ್ರಮ್‌ಗೆ ಪ್ರತ್ಯೇಕ ಸೌಂಡ್ ಚಿಪ್ ಇರಲಿಲ್ಲ. ಸ್ಪೀಕರನ್ನು ಪ್ರೊಸೆಸರೇ ಮಿಡಿಸಬೇಕು, ಮಿಡಿಸುವಷ್ಟು ಹೊತ್ತು ಬೇರೆ ಕೆಲಸ ನಿಲ್ಲುತ್ತದೆ. ಸ್ಮಿತ್ ಆಟದ ಪ್ರತಿ ಸುತ್ತಿನಲ್ಲೂ ಸ್ವರದ ಒಂದು ಚೂರನ್ನಷ್ಟೇ ನುಡಿಸಿ, ನಾರ್ವೆಯ ಗ್ರೀಗ್ ರಚಿಸಿದ ರಾಗವೊಂದನ್ನು ಆಟ ನಡೆಯುತ್ತಿರುವಾಗಲೇ ಕೇಳಿಸಿದರು. ಕರ್ಕಶವೆನ್ನಿ, ಒಪ್ಪುತ್ತೇನೆ. ಅಷ್ಟು ಸಣ್ಣ ಯಂತ್ರ ಓಡುತ್ತಲೇ ಹಾಡಿತು ಎಂಬುದು ನನಗೆ ಈಗಲೂ ಬೆರಗು.

ಹದಿನಾಲ್ಕನೆಯ ಗುಹೆ 'ಸ್ಕೈಲ್ಯಾಬ್ ಲ್ಯಾಂಡಿಂಗ್ ಬೇ'ಯಲ್ಲಿ ಉಪಗ್ರಹಗಳು ಮೇಲಿಂದ ಬಿದ್ದು ಪುಡಿಯಾಗುತ್ತವೆ. 1979ರ ಜುಲೈನಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಎಲ್ಲಿ ಬೀಳುವುದೋ ಎಂದು ನಮ್ಮ ದೇಶವೂ ಆತಂಕಪಟ್ಟಿದ್ದನ್ನು ಈ ಸಭೆಯಲ್ಲಿರುವ ಹಿರಿಯರು ಮರೆತಿರಲಾರರು. ಅಂದಿನ ಲೋಕದ ಭಯಗಳು ಆ ಹುಡುಗನ ಗುಹೆಗಳೊಳಗೂ ಇಳಿದಿದ್ದವು.

ಹಳೆಯ ಯಂತ್ರವನ್ನು ಅನುಕರಿಸುವ ಎಮ್ಯುಲೇಟರ್ ಎಂಬ ತಂತ್ರಾಂಶಗಳ ಮೂಲಕ ಈ ಆಟವನ್ನು ಇಂದು ಯಾವ ಕಂಪ್ಯೂಟರಿನಲ್ಲಾದರೂ ಆಡಬಹುದು. ಕೀಬೋರ್ಡಿನ ಮೇಲಿನ ಸಾಲಿನ ಅಕ್ಷರಗಳು ಒಂದು ಬಿಟ್ಟು ಒಂದರಂತೆ ಎಡಕ್ಕೂ ಬಲಕ್ಕೂ ನಡೆಸುತ್ತವೆ, ಕೆಳಗಿನ ಸಾಲು ಜಿಗಿಸುತ್ತದೆ. ನನ್ನದೊಂದೇ ಕೋರಿಕೆ: ಎಲ್ಲಿ ಬೇಕೆಂದರಲ್ಲಿ ಆಟವನ್ನು ಉಳಿಸಿಟ್ಟುಕೊಳ್ಳುವ ಸೌಲಭ್ಯವನ್ನು, ಮೊದಲ ಐದು ಗುಹೆಗಳನ್ನಾದರೂ ಸಿಕ್ಕ ಮೂರೇ ಜೀವಗಳಲ್ಲಿ ದಾಟುವವರೆಗೆ ದಯವಿಟ್ಟು ಮುಟ್ಟಬೇಡಿ.